ದೋಣಿಯ ಹೊಟ್ಟೆಯೊಳಗಿನ ನೀರು: ಅಳಿಯನಿಗೊಂದು ಕಾಗದ

ಕುಣಿಗಲ್

ಪ್ರೀತಿಯ ನವೀನ,

ನಾವೆಲ್ಲ ಕ್ಷೇಮ. ನೀನು ಕಳಿಸಿದ ಫೋಟೋ ನೋಡಿದೆ. ಮೀನು ಹಿಡಿಯೋಕೆ ಅಂತ ತಗೊಂಡ ಕಯಾಕ್ ದೋಣಿ ಚೆನ್ನಾಗಿದೆ, ಬಣ್ಣವೂ ದೂರಕ್ಕೆ ಎದ್ದು ಕಾಣುವ ಹಾಗಿದೆ. ಆದರೆ ದೋಣಿಯ ಮೂತಿ ನೀರಿನಿಂದ ಒಂದು ಗೇಣು ಮೇಲೆದ್ದಿದೆ, ಗಮನಿಸಿದೆಯಾ? ಸೀಟಿನ ಹಿಂದೆ ಕ್ರೇಟು, ಕ್ರೇಟಿನೊಳಗೆ ಬ್ಯಾಟರಿ, ಅದರ ಮೇಲೆ ಐಸ್ ಬಾಕ್ಸು, ಪಕ್ಕದಲ್ಲಿ ಲಂಗರು. ಜಾಗ ಇದೆ ಅಂತ ಎಲ್ಲವನ್ನೂ ಬೆನ್ನ ಹಿಂದೆ ತುಂಬಿಬಿಟ್ಟಿದ್ದೀಯ. ಮುಂದಿನ ತಿಂಗಳು ಮಾರ್ಕೋನಹಳ್ಳಿ ಡ್ಯಾಮಿಗೆ ಬರ್ತೀನಿ ಅಂದೆಯಲ್ಲ, ಅದಕ್ಕೆ ಮೊದಲು ಇದನ್ನು ಪೂರ್ತಿ ಓದು.

ಮೂತಿ ಎದ್ದರೆ ಗಾಳಿ ಅದನ್ನೇ ಹಿಡಿದು ತಿರುಗಿಸುತ್ತದೆ. ನೀನು ನೇರ ಹೋಗೋಕೆ ನೋಡುತ್ತೀಯ, ದೋಣಿ ಪಕ್ಕಕ್ಕೆ ಎಳೆಯುತ್ತದೆ, ಒಂದೇ ಕಡೆ ಹುಟ್ಟು ಹಾಕಿ ಹಾಕಿ ಅರ್ಧ ಗಂಟೆಯಲ್ಲಿ ತೋಳು ಸೋಲುತ್ತದೆ. ಆಷಾಢದ ಗಾಳಿ ನಮ್ಮ ಕಡೆ ಹೇಗಿರುತ್ತೆ ಅಂತ ನಿನಗೆ ಗೊತ್ತಲ್ವಾ. ಹಾಗಂತ ಎಲ್ಲ ಮುಂದಕ್ಕೆ ಹಾಕಿದರೆ ಮೂತಿ ಅಲೆಯೊಳಗೆ ನುಗ್ಗುತ್ತದೆ, ಹಿಂಬದಿ ಅತ್ತಿತ್ತ ಜಾರುತ್ತದೆ. ದೋಣಿ ನೀರಿನ ಮೇಲೆ ಸಮವಾಗಿ ಕೂರಬೇಕು. ಹಿಂದೆ ಒಂಚೂರು ಭಾರ ಇದ್ದರೆ ಪರವಾಗಿಲ್ಲ.

ಬ್ಯಾಟರಿಯನ್ನು ಮುಂದಕ್ಕೆ ತಾ, ಕಾಲಿನಿಂದಾಚೆ ಇಟ್ಟು ಪಟ್ಟಿ ಹಾಕಿ ಬಿಗಿ. ಐಸ್ ಬಾಕ್ಸನ್ನು ಕ್ರೇಟಿನ ಮೇಲೆ ಏರಿಸಬೇಡ, ಭಾರ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೇದು. ಎಡಕ್ಕೂ ಬಲಕ್ಕೂ ಇದೇ ಲೆಕ್ಕ. ಹಿಡಿದ ಮೀನನ್ನು ಹಗ್ಗಕ್ಕೆ ಪೋಣಿಸಿ ಒಂದೇ ಪಕ್ಕಕ್ಕೆ ನೇತುಹಾಕುವ ಅಭ್ಯಾಸ ನಮ್ಮ ಕಡೆ ಇದೆ. ನಾಲ್ಕು ಕಿಲೋ ಕಟ್ಲಾ ಎರಡು ಬಿದ್ದರೆ ಆ ಕಡೆಗೆ ಎಂಟು ಕಿಲೋ ಜಗ್ಗುತ್ತದೆ ಅನ್ನೋದು ನೆನಪಿರಲಿ. ಮೀನು ಎಳೆದುಕೊಳ್ಳುವಾಗಲೂ ಸೊಂಟ ಬಗ್ಗಿಸಿ ತಲೆಯನ್ನು ದೋಣಿಯ ಅಂಚಿನಾಚೆ ಹಾಕಬೇಡ. ಬಲೆಚೀಲ ಚಾಚು, ಮೀನೇ ಹತ್ತಿರ ಬರಲಿ.

ಕಂಪನಿಯವರು 160 ಕಿಲೋ ಹೊರುತ್ತೆ ಅಂತ ಬರೆದಿದ್ದಾರೆ ಅಂದೆಯಲ್ಲ. ಅದು ನೀನು, ನಿನ್ನ ಸಾಮಾನು, ಕುಡಿಯೋ ನೀರು, ಐಸು, ಮೀನು ಎಲ್ಲ ಸೇರಿ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಕಡಿಮೆಯೇ ಇಟ್ಟುಕೋ, 110 ಕಿಲೋದ ಆಸುಪಾಸು ಸಾಕು. ಮನೆಯಲ್ಲೇ ಒಮ್ಮೆ ತೂಕ ಮಾಡಿ ಬರೆದಿಡು. ಜಾಸ್ತಿಯಾದರೆ ಮೊದಲು ಗೊತ್ತಾಗೋದು ಸೀಟಿನ ಕೆಳಗೆ. ದೋಣಿ ತಗ್ಗುತ್ತಿದ್ದಂತೆ ಸ್ಕಪ್ಪರ್ ತೂತುಗಳಿಂದ ನೀರು ಮೇಲಕ್ಕೆ ಉಕ್ಕುತ್ತದೆ.

ಆ ತೂತುಗಳ ಬಗ್ಗೆ ನೀನು ಕೇಳಿದ್ದೆಯಲ್ಲ. ಅವು ದೋಣಿಯ ಹೊಟ್ಟೆಗೆ ತೆರೆದುಕೊಳ್ಳೋದಿಲ್ಲ, ಮೇಲಿನಿಂದ ತಳದವರೆಗೆ ನಳಿಗೆಯಂತೆ ಹೋಗಿರುತ್ತವೆ. ಅಲೆ ಹೊಡೆದು ಮೇಲೆ ಬಿದ್ದ ನೀರು ಅಲ್ಲಿಂದ ಇಳಿದು ಹೋಗಲಿ ಅಂತ ಮಾಡಿರೋದು. ಅಲೆಯಿಲ್ಲದ ನೀರಿನಲ್ಲಿ ಕೂತು ಗಾಳ ಹಾಕುವಾಗ ಪ್ಲಗ್ ಹಾಕಿಕೋ, ಬಟ್ಟೆ ಒಣಗಿರುತ್ತದೆ. ಗಾಳಿ ಎದ್ದು ನೀರು ಒಳಗೆ ಬೀಳೋಕೆ ಶುರುವಾದರೆ ಪ್ಲಗ್ ಕಿತ್ತುಬಿಡು, ಇಲ್ಲದಿದ್ದರೆ ಬಿದ್ದ ನೀರೆಲ್ಲ ಕಾಲಡಿಯಲ್ಲೇ ನಿಲ್ಲುತ್ತದೆ. ಪೃಷ್ಠ ಒದ್ದೆಯಾದರೆ ಆಗಲಿ ಬಿಡು.

ನನಗೆ ನಿಜವಾದ ಭಯ ಇರೋದು ಕಣ್ಣಿಗೆ ಬೀಳದ ನೀರಿನ ಮೇಲೆ. ಹ್ಯಾಚಿನ, ಅಂದರೆ ದೋಣಿಯ ಹೊಟ್ಟೆಗೆ ತೆರೆಯೋ ಮುಚ್ಚಳದ, ರಬ್ಬರ್ ಸಡಿಲವಾಗಿದ್ದರೆ, ಗಾಳದ ಕೋಲು ನಿಲ್ಲಿಸೋ ರಾಡ್ ಹೋಲ್ಡರ್‌ಗೆ ಅಂತ ನೀನೇ ಕೊರೆದ ತೂತಿಗೆ ಸೀಲೆಂಟ್ ಹಾಕದಿದ್ದರೆ, ಸ್ಕಪ್ಪರ್ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿದ್ದರೆ, ಹೊಟ್ಟೆಯ ನೀರು ಬಸಿಯೋಕಿರುವ ಹಿಂಬದಿಯ ಡ್ರೇನ್ ಪ್ಲಗ್ ತಿರುಗಿಸಿ ಬಿಗಿಯೋದು ಮರೆತರೆ, ನೀರು ಸದ್ದಿಲ್ಲದೆ ಹೊಟ್ಟೆಯೊಳಗೆ ಸೇರುತ್ತದೆ. 15 ಲೀಟರ್ ಸೇರಿದರೆ 15 ಕಿಲೋ. ಅದು ಬ್ಯಾಟರಿಯಂತೆ ಕಟ್ಟಿ ಹಾಕಿದ ಭಾರ ಅಲ್ಲ. ತಟ್ಟೆಯಲ್ಲಿ ಸಾರು ಹಿಡಿದು ನಡೆದ ಹಾಗೆ, ದೋಣಿ ಯಾವ ಕಡೆ ವಾಲಿದರೆ ಆ ಕಡೆಗೇ ಎಲ್ಲವೂ ಓಡಿಹೋಗಿ ಇನ್ನಷ್ಟು ವಾಲಿಸುತ್ತದೆ. ದೋಣಿ ಮಂಕಾಗಿ ನಡೆದರೆ, ವಾಲಿದ ಮೇಲೆ ತಡವಾಗಿ ಮೇಲೇಳುತ್ತಿದ್ದರೆ, ಮೊದಲು ದಡಕ್ಕೆ ಬಾ. ನಡುನೀರಿನಲ್ಲಿ ಹ್ಯಾಚ್ ತೆರೆದು ನೋಡೋಕೆ ಹೋಗಬೇಡ, ಒಂದು ಅಲೆ ಸಾಕು. ಕೈಪಂಪು, ಸ್ಪಂಜು ಜೊತೆಗಿರಲಿ. ಹ್ಯಾಚಿನೊಳಗೆ ಮುಚ್ಚಳ ಬಿಗಿದ ಖಾಲಿ ಬಾಟಲಿಗಳನ್ನೋ ಫೋಮ್ ತುಂಡುಗಳನ್ನೋ ತುರುಕು. ಅವು ಇರುವಷ್ಟು ಜಾಗಕ್ಕೆ ನೀರು ಬರೋಕಾಗಲ್ಲ.

ಲಂಗರನ್ನು ಪಕ್ಕಕ್ಕೆ ಕಟ್ಟಬೇಡ. ಮೂತಿಗೆ ಅಥವಾ ಹಿಂದಕ್ಕೆ ಕಟ್ಟು. ಗಾಳಿ ಜೋರಾಗಿದ್ದಾಗ ಪಕ್ಕಕ್ಕೆ ಕಟ್ಟಿದ ಹಗ್ಗ ಆ ಅಂಚನ್ನೇ ಕೆಳಕ್ಕೆಳೆಯುತ್ತದೆ. ಹಗ್ಗ ಕೊಯ್ಯೋಕೆ ಚಾಕು ಕೈಗೆಟುಕೋ ಕಡೆ ಇರಲಿ. ಲೈಫ್ ಜಾಕೆಟ್ ಹಾಕದೆ ನೀರಿಗಿಳಿಯೋ ಮಾತೇ ಬೇಡ, ನಿಮ್ಮಮ್ಮನಿಗೆ ನಾನು ಮಾತು ಕೊಟ್ಟಿದ್ದೀನಿ.

ಮಾರ್ಕೋನಹಳ್ಳಿಯ ವಿಷಯ ಬೇರೆಯೇ ಇದೆ. ಶಿಂಷಾ ನದಿಗೆ ಕಟ್ಟಿದ ಆ ಡ್ಯಾಮಿನಲ್ಲಿ ಸೈಫನ್‌ಗಳಿವೆ. ನೀರು ಒಂದು ಮಟ್ಟ ದಾಟಿದರೆ ಗೇಟು ಎತ್ತೋಕೆ ಯಾರೂ ಬೇಕಿಲ್ಲ, ತಾನಾಗಿಯೇ ಹರಿಯೋಕೆ ಶುರುವಾಗುತ್ತದೆ. ಡ್ಯಾಮ್ ತುಂಬಿದ ದಿನಗಳಲ್ಲಿ ಆ ಕಡೆಗೂ ಹೋಗಬೇಡ, ಅದರ ಕೆಳಗಿನ ಹೊಳೆಗೂ ಇಳಿಯಬೇಡ. ದೋಣಿ ಇಳಿಸೋ ಮೊದಲು ಅಲ್ಲಿನವರನ್ನು ಕೇಳಿ ಒಪ್ಪಿಗೆ ತಗೋ, ಮೀನಿನ ಗುತ್ತಿಗೆ ಹಿಡಿದವರು ಇದ್ದರೆ ಅವರನ್ನೂ ಮಾತಾಡಿಸು. ಹೊರಡುವಾಗ ಗಾಳಿಗೆ ಎದುರಾಗಿ ಹೋಗು. ಸುಸ್ತಾಗಿ ವಾಪಸ್ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ.

ಮೊದಲ ದಿನ ಎದೆಮಟ್ಟದ ನೀರಿನಲ್ಲಿ, ಸಾಮಾನು ಏನೂ ಇಲ್ಲದೆ, ಬೇಕಂತಲೇ ದೋಣಿ ಮಗುಚಿ ಮತ್ತೆ ಹತ್ತೋದನ್ನು ಕಲಿ. ದೋಣಿ ನೆಟ್ಟಗೆ ಮಾಡಿಕೊಂಡು, ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಅಡ್ಡಲಾಗಿ ಏರಿ, ಆಮೇಲೆ ಹೊರಳಿ ಕೂರಬೇಕು. ನಾನು ಪಕ್ಕದಲ್ಲೇ ಇರ್ತೀನಿ.

ದಡಕ್ಕೆ ಬಂದ ಮೇಲೆ ಪ್ರತಿ ಸಲವೂ ಡ್ರೇನ್ ಪ್ಲಗ್ ಬಿಚ್ಚಿ, ದೋಣಿ ಓರೆ ಮಾಡಿ, ಎಷ್ಟು ನೀರು ಬಂತು ಅಂತ ನೋಡು. ಒಂದು ಲೋಟದಷ್ಟಾದರೆ ಸರಿ. ಅದಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಸೋರುತ್ತಿದೆ. ಒಳಗೆ ಒಂದೆರಡು ಬಕೆಟ್ ನೀರು ಹಾಕಿ, ಒಣಗಿದ ತಳವನ್ನು ಹೊರಳಿಸಿ ಹೊರಳಿಸಿ ನೋಡಿದರೆ ಹನಿ ಎಲ್ಲಿಂದ ಬರುತ್ತೆ ಅಂತ ಸಿಕ್ಕಿಬೀಳುತ್ತದೆ. ಅದಕ್ಕೆ ಎಂ-ಸೀಲ್ ಮೆತ್ತಬೇಡ, ನಿನ್ನ ದೋಣಿಯ ಪ್ಲಾಸ್ಟಿಕ್ ಪಾಲಿಥೀನ್, ಅದರ ಮೇಲೆ ಅಂಟು ನಿಲ್ಲೋದಿಲ್ಲ. ಸಿಂಟೆಕ್ಸ್ ಟ್ಯಾಂಕಿನದೂ ಅದೇ ಜಾತಿಯ ಪ್ಲಾಸ್ಟಿಕ್. ಟ್ಯಾಂಕಿಗೆ ಬಿಸಿಗಾಳಿಯ ವೆಲ್ಡಿಂಗ್ ಮಾಡೋರು ಸಿಗುತ್ತಾರೆ, ಅವರ ಹತ್ತಿರವೇ ಮಾಡಿಸು.

ಇಂತಿ ನಿನ್ನ ಮಾವ