ಮಾತ್ರೆ ಚೀಟಿ ಒಂದೇ ಸಾಲದು

ಮಾನ್ಯರೇ,

ಹಳ್ಳಿ ಆಸ್ಪತ್ರೆಯಲ್ಲೂ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಇಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ.

ಈಗೇನಾಗಿದೆ? ಈಚೆಗೆ ನೆಂಟರೊಬ್ಬರನ್ನು ಖಿನ್ನತೆಗೆಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. "ನಿದ್ದೆ ಬರುತ್ತಾ?" ಅಂದರು, ಚೀಟಿ ಬರೆದರು, ಮುಂದಿನವರನ್ನು ಕರೆದರು. ವೈದ್ಯರನ್ನು ಸುಮ್ನೆ ದೂರಲಾರೆ, ಹೊರಗೆ ಸಾಲು ಮೆಟ್ಟಿಲವರೆಗೂ ಇತ್ತು. ಆದರೆ ಮಾತ್ರೆಯಷ್ಟೇ ಚಿಕಿತ್ಸೆಯಾಗಬೇಕಾ? ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ರೋಗಿಗಳ ಜೊತೆ ಆರೆಂಟು ಸಲ ಕೂತು ಮಾತಾಡಿದರು. ಕೈಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸಿದರು. ತೀವ್ರ ಖಿನ್ನತೆ ಇದ್ದವರಿಗೂ ಇದರಿಂದ ಅನುಕೂಲವಾಯಿತು ಎಂದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ.

ಇದನ್ನೇ ಇಲ್ಲೂ ಮಾಡಬಹುದಲ್ವಾ? ಆಶಾ ಕಾರ್ಯಕರ್ತೆಯರ ತಲೆಗೆ ಮಾತ್ರ ಕಟ್ಟಬೇಡಿ, ಅವರಿಗೆ ಈಗಲೇ ಕೆಲಸ ಜಾಸ್ತಿ. ತಾಲ್ಲೂಕಿಗೆ ಒಬ್ಬಿಬ್ಬರು ಆಪ್ತಸಮಾಲೋಚಕರನ್ನು ನೇಮಿಸಿ, ಈ ಪದ್ಧತಿ ಕಲಿಸಿ, ಸರಿಯಾಗಿ ಸಂಬಳ ಕೊಡಲಿ. ಎಷ್ಟು ಮಾತ್ರೆ ಹಂಚಿದೆವು ಅನ್ನೋದರ ಜೊತೆ ಎಷ್ಟು ಜನ ಗುಣವಾದರು ಅನ್ನೋ ಲೆಕ್ಕವನ್ನೂ ಇಡಲಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಅನ್ನಾದರೂ ಪ್ರತಿ ಆಸ್ಪತ್ರೆಯ ಗೋಡೆ ಮೇಲೆ ದೊಡ್ಡದಾಗಿ ಬರೆಸಲಿ.

– ನಿವೃತ್ತ ಶಿಕ್ಷಕ, ಬಳ್ಳಾರಿ ಜಿಲ್ಲೆ