ಸತ್ತವರ ಸಹಿಗೆ ದುಡ್ಡು ಕೊಟ್ಟ ಪೋಸ್ಟ್‌ಮಾಸ್ಟರ್

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಪುಟದಲ್ಲಿ ಓದುಗರೊಬ್ಬರ ಪತ್ರ ನೋಡಿದೆ. ಅಮೆರಿಕದಲ್ಲಿರುವ ಅವರ ಮಗ ಹುಟ್ಟುಹಬ್ಬಕ್ಕೆ ಅಂತ ಅಧ್ಯಕ್ಷ ಕೆನಡಿ ಸಹಿ ಇರುವ ಹಳೇ ಪುಸ್ತಕ ಕಳಿಸಿದ್ದಾನಂತೆ. ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಹಜಾರದಲ್ಲಿ ಇಡುತ್ತಾರಂತೆ. ಅವರ ಸಂತೋಷಕ್ಕೆ ಕಲ್ಲು ಹಾಕುವ ಮನಸ್ಸು ನನಗಿಲ್ಲ. ಆದರೆ ಕಟ್ಟು ಹಾಕಿಸುವ ಮುಂಚೆ ಒಂದೆರಡು ಮಾತು ಹೇಳದೆ ಇರಲಾರೆ. ಈ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿಯೇ ಟೋಪಿ ಹಾಕಿಸಿಕೊಂಡಿದ್ದೇನೆ.

ನಾನು ತಿಪಟೂರು ಕಡೆಯವನು. ಅಂಚೆ ಇಲಾಖೆಯಲ್ಲಿ 34 ವರ್ಷ ಇದ್ದು, ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತನಾದೆ. ಮಗಳು, ಅಳಿಯ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ನಾನೂ ನನ್ನ ಹೆಂಡತಿಯೂ ಇಲ್ಲಿಗೆ ಬಂದು ಆರು ತಿಂಗಳು ಇರುತ್ತೇವೆ. ಈ ಪತ್ರ ಬರೆಯುತ್ತಿರುವುದೂ ಇಲ್ಲಿಂದಲೇ. ಕಾರಿನಲ್ಲಿ ಒಂದು ಗಂಟೆ ಹೋದರೆ ಸ್ಪ್ರಿಂಗ್‌ಫೀಲ್ಡ್. ಲಿಂಕನ್ ವಕೀಲಿ ಮಾಡಿಕೊಂಡಿದ್ದ ಊರು. ಅವರ ಮನೆ, ಸಮಾಧಿ ಎರಡೂ ಅಲ್ಲೇ.

ಮೊದಲ ಸಲ ಬಂದಾಗ ಹೊತ್ತೇ ಹೋಗುತ್ತಿರಲಿಲ್ಲ. ಮಗಳು ಲೈಬ್ರರಿಯ ಹಳೇ ಪುಸ್ತಕದ ಮಾರಾಟಕ್ಕೆ ಕರೆದುಕೊಂಡು ಹೋದಳು. ಕೊನೆಯ ದಿನ ಒಂದು ಚೀಲ ಕೊಡುತ್ತಾರೆ. ಅದರಲ್ಲಿ ಹಿಡಿಸಿದಷ್ಟು ಪುಸ್ತಕಕ್ಕೆ ಇಷ್ಟೇ ಡಾಲರ್. ನಮ್ಮ ಸಂತೆಯಲ್ಲಿ ಸಂಜೆ ಹೊತ್ತು ಟೊಮೆಟೊ ಗುಡ್ಡೆ ಹಾಕಿ ಮಾರುವ ಹಾಗೆ. ಆ ಗುಡ್ಡೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಅಧ್ಯಕ್ಷರ ಪುಸ್ತಕಗಳು. ಲಿಂಕನ್ ಒಬ್ಬರ ಮೇಲೇ 15,000 ಪುಸ್ತಕ ಬಂದಿವೆ ಎನ್ನುತ್ತಾರೆ. ವಾಷಿಂಗ್ಟನ್‌ನಲ್ಲಿ ಅವರಿಗೆ ಗುಂಡು ಹೊಡೆದ ಫೋರ್ಡ್ಸ್ ಥಿಯೇಟರ್‌ನ ಎದುರಿನ ಕಟ್ಟಡದೊಳಗೆ ಲಿಂಕನ್ ಪುಸ್ತಕಗಳದ್ದೇ ಒಂದು ಗೋಪುರ ನಿಲ್ಲಿಸಿದ್ದಾರೆ. 34 ಅಡಿ ಎತ್ತರ. ಬೆಂಕಿಯ ಭಯಕ್ಕೆ ಅಲ್ಯೂಮಿನಿಯಂನಲ್ಲಿ ಮಾಡಿದ ಪುಸ್ತಕಗಳು. ಓದಕ್ಕೆ ಆಗಲ್ಲ, ನೋಡಬಹುದು ಅಷ್ಟೇ.

ಹೀಗೆ ಶುರುವಾದ ಹುಚ್ಚು ಬೇಗನೆ ಸಹಿಯ ಕಡೆ ತಿರುಗಿತು. ತಿರುಗದೆ ಏನು? ಸಹಿ ನೋಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಉಳಿತಾಯ ಖಾತೆಯಿಂದ ದುಡ್ಡು ತೆಗೆಯುವ ಫಾರಂ ಬಂದರೆ ಮಾದರಿ ಸಹಿಯ ಜೊತೆ ತಾಳೆ ನೋಡಿ, ಆಮೇಲೆ ಕೈ ಗಲ್ಲಾಕ್ಕೆ ಹೋಗಬೇಕು. ಹಾಗಾಗಿ ನನ್ನ ಕಣ್ಣಿನ ಮೇಲೆ ನನಗೆ ಭಾರಿ ನಂಬಿಕೆ. ಅದೇ ಕೈ ಕೊಟ್ಟಿತು.

ಆನ್‌ಲೈನ್‌ನಲ್ಲಿ ಒಬ್ಬ ವ್ಯಾಪಾರಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಅವರ ಆತ್ಮಕಥೆಯ ಎರಡು ಸಂಪುಟ ಮಾರಾಟಕ್ಕೆ ಇಟ್ಟಿದ್ದ. ಮೊದಲ ಮುದ್ರಣ, ಒಳಗೆ ಗ್ರಾಂಟ್ ಕೈಬರಹ ಮತ್ತು ಸಹಿ ಇದೆ ಅಂತ ವಿವರಣೆ. ಬೆಲೆ 300 ಡಾಲರ್. ಫೋಟೋದಲ್ಲಿ ಪುಸ್ತಕವನ್ನು ಅಮೆರಿಕದ ಸೈನಿಕರಿಗೂ ನಾವಿಕರಿಗೂ ಅರ್ಪಿಸಿದ ಸಾಲು, ಕೆಳಗೆ ಗ್ರಾಂಟ್ ಹೆಸರು, 1885ರ ಮೇ 23ರ ತಾರೀಖು. ನೋಡಿದ ಕೂಡಲೇ ಇದು ಒಬ್ಬ ಮನುಷ್ಯ ಬರೆದದ್ದೇ ಅನ್ನಿಸಿತು. ಅದು ಸರಿಯೇ. ಬರೆದದ್ದು ಗ್ರಾಂಟ್‌ರೇ. ಆದರೆ ಬರೆದದ್ದು ಒಂದೇ ಸಲ. ಅದನ್ನೇ ಅಚ್ಚು ಮಾಡಿ ಎಲ್ಲಾ ಪ್ರತಿಗೂ ಹಾಕಿದ್ದಾರೆ!

ಅದು ಗೊತ್ತಾದದ್ದು ಎರಡು ತಿಂಗಳ ಮೇಲೆ. ಲೈಬ್ರರಿಯೊಂದರ ಕಪಾಟಿನಲ್ಲಿ ಅದೇ ಸಂಪುಟ ಸಿಕ್ಕಿತು. ತೆಗೆದರೆ ಅದೇ ಸಾಲು, ಅದೇ ವಾಲಿಕೆ, ಅದೇ ತಾರೀಖು. ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಪೆನ್ನಿನ ಶಾಯಿ ಕಾಗದದಲ್ಲಿ ಇಳಿದಿರುತ್ತದೆ, ಒತ್ತಿದ ಕಡೆ ದಪ್ಪ, ತೇಲಿಸಿದ ಕಡೆ ತೆಳು, ಗೆರೆ ಗೆರೆಯ ಮೇಲೆ ಹಾಯ್ದಲ್ಲಿ ಇನ್ನೂ ಕಪ್ಪು. ಇಲ್ಲಿ ಅದೇನೂ ಇಲ್ಲ. ಉಳಿದ ಅಚ್ಚಿನಂತೆಯೇ ಒಂದೇ ಸಮನೆ ಕಪ್ಪು. ಮಗಳು ಪಕ್ಕದಲ್ಲಿ ಕೂತು ಫೋನ್ ನೋಡುತ್ತಿದ್ದಳು. "ಅಪ್ಪಾ, ಗ್ರಾಂಟ್ ಸತ್ತದ್ದು 1885ರ ಜುಲೈ 23ಕ್ಕೆ. ಮೊದಲ ಸಂಪುಟ ಬಂದದ್ದೇ ಡಿಸೆಂಬರ್‌ನಲ್ಲಿ" ಅಂದಳು. ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು: "ಸತ್ತೋರ ಸಹಿಗೆ ದುಡ್ಡು ಕೊಟ್ಟ ಪೋಸ್ಟ್‌ಮಾಸ್ಟರ್‌ನ ಸಸ್ಪೆಂಡ್ ಮಾಡ್ತಾರೆ ಅಲ್ವಾ?"

ನಾಚಿಕೆ ಆದದ್ದು 300 ಡಾಲರಿಗೆ ಅಲ್ಲ. ಜೀವನ ಪೂರ್ತಿ ತಾರೀಖಿನ ಮೊಹರು ಒತ್ತಿದವನು ನಾನು. ಮೊಹರಿನಲ್ಲಿ ದಿನ ಬದಲಾಯಿಸದೆ ಬೆಳಗಿನ ಕೆಲಸವನ್ನೇ ಶುರು ಮಾಡುತ್ತಿರಲಿಲ್ಲ. ಇಲ್ಲಿ ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಲಿಲ್ಲವಲ್ಲ ಅಂತ. ಗ್ರಾಂಟ್ ತಮ್ಮ ಆತ್ಮಕಥೆಯ ಅಚ್ಚಾದ ಪ್ರತಿಗೆ ಸಹಿ ಮಾಡುವುದು ಸಾಧ್ಯವೇ ಇರಲಿಲ್ಲ.

ಆದರೂ ಆ ಪುಸ್ತಕ ವಾಪಸ್ ಕಳಿಸಲಿಲ್ಲ. ಕಾರಣ ಅದರ ಕಥೆ. 1884ರಲ್ಲಿ ಗ್ರಾಂಟ್ ದುಡ್ಡು ಹಾಕಿದ್ದ ಕಂಪನಿ ಪಾಲುದಾರನ ಮೋಸದಿಂದ ಮುಳುಗಿತು. ಮಾಜಿ ಅಧ್ಯಕ್ಷರು ಬರಿಗೈಯಾದರು. ಅದೇ ಹೊತ್ತಿಗೆ ಗಂಟಲಿನ ಕ್ಯಾನ್ಸರ್. ಹೆಂಡತಿಗೆ ಏನಾದರೂ ಉಳಿಯಲಿ ಅಂತ ಬರೆಯಲು ಕೂತರು. ಮಾತು ಹೊರಡದ ಸ್ಥಿತಿಯಲ್ಲೂ ಬರೆದರು. ಮುಗಿಸಿ ಕೆಲವೇ ದಿನಕ್ಕೆ ತೀರಿಕೊಂಡರು. ಪ್ರಕಟಿಸಿದ್ದು ಲೇಖಕ ಮಾರ್ಕ್ ಟ್ವೈನ್ ಅವರ ಕಂಪನಿ. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಹಳೇ ಸಿಪಾಯಿಗಳೂ ಮನೆಮನೆಗೆ ಹೋಗಿ ಮುಂಗಡ ಬರೆಸಿಕೊಂಡು ಮಾರಿದರು. ಹೆಂಡತಿ ಜೂಲಿಯಾ ಗ್ರಾಂಟ್‌ಗೆ ಬಂದ ಮೊದಲ ಚೆಕ್ಕೇ 2 ಲಕ್ಷ ಡಾಲರ್. ಹಾಗೆ ಮನೆಮನೆ ಸೇರಿದ ಪುಸ್ತಕವಾದ್ದರಿಂದಲೇ ಇವತ್ತಿಗೂ ಹಳೇ ಪ್ರತಿಗಳು ಸಿಗುತ್ತವೆ. ಸಹಿಯ ಆಸೆ ಬಿಟ್ಟರೆ ಬೆಲೆ ನಾನು ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆ.

ಪಿಂಚಣಿದಾರನಾಗಿ ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತು. 1958ರವರೆಗೆ ಅಮೆರಿಕದ ಮಾಜಿ ಅಧ್ಯಕ್ಷರಿಗೆ ಆ ಹುದ್ದೆಯ ಪಿಂಚಣಿಯೇ ಇರಲಿಲ್ಲ! ನಮ್ಮ ಪೋಸ್ಟ್‌ಮ್ಯಾನ್‌ಗೆ ಇದ್ದದ್ದು ಅವರಿಗಿಲ್ಲ. ಟ್ರೂಮನ್ 1953ರಲ್ಲಿ ಮಿಸೌರಿಯ ತಮ್ಮ ಮನೆಗೆ ವಾಪಸಾದಾಗ ಪಿಂಚಣಿ ಅಂತ ಬರುತ್ತಿದ್ದದ್ದು ಹಳೇ ಸೇನಾ ಪಿಂಚಣಿ ಮಾತ್ರ. 1955, 1956ರಲ್ಲಿ ಎರಡು ಸಂಪುಟದ ನೆನಪುಗಳು ಬಂದವು. ದುಡ್ಡೂ ಬಂತು, ಅದರಲ್ಲಿ ದೊಡ್ಡ ಪಾಲು ತೆರಿಗೆಗೆ ಹೋಯಿತು. 1958ರಲ್ಲಿ ಕಾನೂನು ಮಾಡಿ ವರ್ಷಕ್ಕೆ 25,000 ಡಾಲರ್ ಪಿಂಚಣಿ ಇಟ್ಟರು. ಹಾಗಾಗಿ ಹಳೇ ಅಧ್ಯಕ್ಷರ ಪುಸ್ತಕ ಕೈಗೆ ಬಂದರೆ ನಾನು ಮೊದಲು ಅದು ಬಂದ ವರ್ಷ ನೋಡುತ್ತೇನೆ. ಇದು ಪಿಂಚಣಿಗೆ ಮುಂಚಿನದೋ, ಆಮೇಲಿನದೋ?

ಈಗ ಆ ಓದುಗರ ಕೆನಡಿ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಆಟೋಪೆನ್ ಅಂತ ಒಂದು ಯಂತ್ರ ಇದೆ. ಒಮ್ಮೆ ಸಹಿಯ ಮಾದರಿ ಮಾಡಿಟ್ಟರೆ, ಅದರ ತೋಳು ನಿಜವಾದ ಪೆನ್ನು ಹಿಡಿದು ನಿಜವಾದ ಶಾಯಿಯಲ್ಲಿ ಸಹಿ ಹಾಕುತ್ತಾ ಹೋಗುತ್ತದೆ. 2025ರಲ್ಲಿ ಟ್ರಂಪ್ ಅವರು ಶ್ವೇತಭವನದಲ್ಲಿ ಬೈಡನ್ ಫೋಟೋ ಇರಬೇಕಾದ ಜಾಗದಲ್ಲಿ ಈ ಯಂತ್ರದ ಫೋಟೋ ತೂಗುಹಾಕಿದ ಸುದ್ದಿ ನೀವೂ ಹಾಕಿರಬೇಕು. ಯಂತ್ರದ ಸಹಿಯ ಬಗ್ಗೆ ಜಗಳ ಹೊಸದು, ಯಂತ್ರ ಹಳೆಯದು. ಒಬಾಮಾ 2011ರಲ್ಲಿ ಫ್ರಾನ್ಸ್‌ನಲ್ಲಿದ್ದಾಗ ಒಂದು ಮಸೂದೆಗೇ ಇದರಿಂದ ಸಹಿ ಹಾಕಿಸಿದ್ದರು. ಕೆನಡಿಯಂತೂ ಇದನ್ನು ಧಾರಾಳವಾಗಿ ಬಳಸಿದರು. ಯಂತ್ರ ಸಾಲದೆ ಬಂದಾಗ ಅವರ ಕಾರ್ಯದರ್ಶಿಗಳು ಅವರ ಹೆಸರು ಬರೆಯುತ್ತಿದ್ದರು. 1965ರಲ್ಲೇ ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ಸಹಿ ವ್ಯಾಪಾರಿ ಕೆನಡಿಯ ಯಂತ್ರದ ಸಹಿಗಳ ಮೇಲೇ ಒಂದು ಪುಸ್ತಕ ಬರೆದರು, ಮಾದರಿಗಳ ಚಿತ್ರ ಸಮೇತ. ಗ್ರಾಂಟ್ ಪಾಠ ಆದಮೇಲೆ ನಾನು ಕೊಂಡ ಮೊದಲ ಪುಸ್ತಕ ಅದು.

ಆ ಓದುಗರ ಹತ್ತಿರ ಇರುವುದು 'ಪ್ರೊಫೈಲ್ಸ್ ಇನ್ ಕರೇಜ್' ಇರಬಹುದು ಅಂತ ನನ್ನ ಊಹೆ. ಕೆನಡಿ ಹೆಸರಿನಲ್ಲಿ ಬಂದ 1956ರ ಪುಸ್ತಕ, 1957ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದರ ಬಹುತೇಕ ಅಧ್ಯಾಯಗಳ ಮೊದಲ ಕರಡು ತಾನು ಬರೆದದ್ದು ಅಂತ ಕೆನಡಿಯ ಸಹಾಯಕ ಟೆಡ್ ಸೊರೆನ್ಸನ್ 2008ರಲ್ಲಿ ಹೇಳಿದರು. ಅಂದರೆ ಕೆಲವು ಪ್ರತಿಗಳಲ್ಲಿ ಕರಡು ಸಹಾಯಕನದು, ಸಹಿ ಯಂತ್ರದ್ದು, ಹೆಸರು ಮಾತ್ರ ಕೆನಡಿಯದು. ಹೀಗೂ ಉಂಟೇ ಅನ್ನಬೇಡಿ, ಉಂಟು.

ಪತ್ತೆ ಹಚ್ಚುವುದು ಹೇಗೆ? ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರೊಬ್ಬರು ಹೇಳುತ್ತಿದ್ದರು: "ಸಹಿ ಒಂಚೂರು ಆಚೀಚೆ ಇದ್ರೆ ಹೆದರಬೇಡ. ಅಚ್ಚು ಒತ್ತಿದ ಹಾಗೆ ಒಂದೇ ಥರ ಇದ್ರೆ ಹೆದರು." ಮನುಷ್ಯ ಎರಡು ಸಲ ಒಂದೇ ಥರ ಸಹಿ ಹಾಕುವುದಿಲ್ಲ. ಕಳ್ಳಸಹಿಯವನು ಮಾದರಿ ಕೆಳಗಿಟ್ಟು ಗೆರೆ ಎಳೆಯುತ್ತಾನೆ, ಅದಕ್ಕೇ ಅವನದು ತಾಳೆ ಜಾಸ್ತಿ. ಯಂತ್ರದ್ದೂ ಅದೇ ಕಥೆ. ಕೆನಡಿಯ ಕೈಬರಹವೋ, ದೇವರಿಗೇ ಪ್ರೀತಿ. ಇವತ್ತು ಹಾಕಿದ ಹಾಗೆ ನಾಳೆ ಇಲ್ಲ. ಹಾಗಾಗಿ ಗೊತ್ತಿರುವ ಯಂತ್ರದ ಸಹಿಯ ಅಳತೆಗೆ ಸರಿಯಾದ ಜೆರಾಕ್ಸ್ ತೆಗೆದು, ನಿಮ್ಮ ಸಹಿಯ ಜೆರಾಕ್ಸ್ ಮೇಲಿಟ್ಟು, ಬಿಸಿಲಿರುವಾಗ ಕಿಟಕಿ ಗಾಜಿಗೆ ಒತ್ತಿ ಹಿಡಿಯಿರಿ. ಗೆರೆಗೆ ಗೆರೆ ಕೂತರೆ ಯಂತ್ರ. ಸಹಿ ಪೂರ್ತಿ ಒಂದೇ ಒತ್ತಡ ಇದ್ದರೂ, ಶುರುವಿನಲ್ಲಿ, ಕೊನೆಯಲ್ಲಿ ಪೆನ್ನು ನಿಂತು ಚುಕ್ಕೆ ಬಿದ್ದಿದ್ದರೂ ಅನುಮಾನ ಪಡಬೇಕು.

ಹಾಗಂತ ಎಲ್ಲವೂ ಮೋಸ ಅಂತಲ್ಲ. ಅಧ್ಯಕ್ಷರಾಗಿದ್ದ ಕೂಲಿಜ್ ತಮ್ಮ 1929ರ ಆತ್ಮಕಥೆಯ 1,000 ಪ್ರತಿಗೆ ನಂಬರ್ ಹಾಕಿ ಸಹಿ ಮಾಡಿದ್ದಾರೆ. ಈಗಿನ ಪ್ರಕಾಶಕರು ಖಾಲಿ ಹಾಳೆಗಳ ಕಟ್ಟಿಗೆ ಸಹಿ ಮಾಡಿಸಿ ಬೈಂಡು ಮಾಡುವಾಗ ಸೇರಿಸುವುದೂ ಇದೆ. ಅಲ್ಲಿ ಸಹಿ ನಿಜ, ಆದರೆ ಬರೆದವರ ಕೈ ಆ ಪುಸ್ತಕವನ್ನು ಮುಟ್ಟಿರುವುದಿಲ್ಲ. ನನಗೆ ಅದು ಯಾಕೋ ಸಮಾಧಾನ ಇಲ್ಲ.

ನನ್ನ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲು ಜಿಮ್ಮಿ ಕಾರ್ಟರ್. ವ್ಯಾಪಾರಿಗಳು ಅವರ ಸಹಿ ಅಂದರೆ ಮೂಗು ಮುರಿಯುತ್ತಾರೆ. ಯಾಕಂದರೆ ಬೇಕಾದಷ್ಟಿದೆ. ಅಧ್ಯಕ್ಷಗಿರಿ ಮುಗಿಸಿ ಊರಿಗೆ ಬಂದಾಗ ಕಡಲೆಕಾಯಿ ವ್ಯಾಪಾರ ಸುಮಾರು 10 ಲಕ್ಷ ಡಾಲರ್ ಸಾಲದಲ್ಲಿತ್ತು. ಅವರೂ ಬರೆಯಲು ಕೂತರು. 30ಕ್ಕೂ ಹೆಚ್ಚು ಪುಸ್ತಕ ಬರೆದರು. ಅಂಗಡಿಗೆ ಬಂದು ಕೂತು, ಸಾಲಿನಲ್ಲಿ ನಿಂತವರಿಗೆಲ್ಲ ಸಹಿ ಹಾಕಿಕೊಟ್ಟರು. ಸಂಬಳದ ದಿನ ಕೌಂಟರಿನಲ್ಲಿ ಕೂತ ಗುಮಾಸ್ತನ ಹಾಗೆ. ನನ್ನ ಹತ್ತಿರ ಅವರ ಸಹಿ ಇರುವ ಪುಸ್ತಕ ಎರಡಿವೆ. ಎರಡರಲ್ಲೂ ಸಹಿ ಬೇರೆ ಬೇರೆ ಥರ. ಒಂದರಲ್ಲಿ ಕೊನೆಯ ಅಕ್ಷರಗಳು ಓಡಿಹೋಗಿ ಬರೀ ಗೆರೆ ಉಳಿದಿದೆ. ಕೈ ಸೋತಿತ್ತು ಅಂತ ಕಾಣುತ್ತೆ.

ಕಾರ್ಟರ್ ಪಕ್ಕದಲ್ಲೇ ಅವರ ತಾಯಿ ಲಿಲಿಯನ್ ಕಾರ್ಟರ್ ಪುಸ್ತಕವನ್ನೂ ಇಟ್ಟಿದ್ದೇನೆ. ಸಹಿ ಇಲ್ಲ, ಚೀಲದ ಲೆಕ್ಕದಲ್ಲಿ ಬಂದದ್ದು. ಆ ತಾಯಿ 68ನೇ ವಯಸ್ಸಿನಲ್ಲಿ ಪೀಸ್ ಕೋರ್ ಅನ್ನುವ ಅಮೆರಿಕ ಸರ್ಕಾರದ ಸ್ವಯಂಸೇವಕರ ತಂಡ ಸೇರಿ ಮುಂಬೈ ಹತ್ತಿರದ ವಿಕ್ರೋಲಿಗೆ ನರ್ಸ್ ಆಗಿ ಬಂದಿದ್ದರು, 1966ರಿಂದ 1968ರವರೆಗೆ. ಮನೆಗೆ ಬರೆದ ಕಾಗದಗಳೇ ಆ ಪುಸ್ತಕ, 1977ರಲ್ಲಿ ಬಂತು. ಅಂಚೆಯವನು ಬೇರೆಯವರ ಕಾಗದ ಓದಬಾರದು, ನಿಜ. ಅಚ್ಚಾದದ್ದು ಓದಬಹುದು. ಮಗ 1978ರ ಜನವರಿಯಲ್ಲಿ ಅಧ್ಯಕ್ಷರಾಗಿ ಭಾರತಕ್ಕೆ ಬಂದು ಹರಿಯಾಣದ ಒಂದು ಹಳ್ಳಿಗೆ ಹೋದರು. ದೌಲತ್‌ಪುರ್ ನಸೀರಾಬಾದ್ ಅಂತ ಇದ್ದ ಊರು ಕಾರ್ಟರ್‌ಪುರಿ ಆಯಿತು.

ತೀರಾ ದೊಡ್ಡವರ ಪುಸ್ತಕ ನಮ್ಮ ಕೈಗೆ ಎಟುಕುವ ಮಾತಲ್ಲ. ಜಾರ್ಜ್ ವಾಷಿಂಗ್ಟನ್ ಅವರ ಸಹಿ, ಅಂಚಿನಲ್ಲಿ ಅವರ ಟಿಪ್ಪಣಿ ಇರುವ ಕಾನೂನು ಪುಸ್ತಕ 2012ರಲ್ಲಿ ಸುಮಾರು 98 ಲಕ್ಷ ಡಾಲರಿಗೆ ಹರಾಜಾಯಿತು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಬ್ಬ ಹಳೇ ಅಧ್ಯಕ್ಷ ಜೆಫರ್ಸನ್ ತಮ್ಮ ಪುಸ್ತಕಗಳನ್ನು ಗುರುತಿಸಲು ಮಾಡಿದ ಉಪಾಯ. ಆಗಿನ ಪುಸ್ತಕಗಳಲ್ಲಿ ಮಡಿಸಿದ ಹಾಳೆಗಳನ್ನು ಕ್ರಮವಾಗಿ ಹೊಲಿಯಲು ಪುಟದ ಕೆಳಗೆ ಎ, ಬಿ, ಸಿ ಅಂತ ಅಕ್ಷರ ಅಚ್ಚು ಮಾಡುತ್ತಿದ್ದರು. ಆ ಗುರುತಿಗೂ ಇಂಗ್ಲಿಷಿನಲ್ಲಿ ಸಿಗ್ನೇಚರ್ ಅಂತಲೇ ಹೆಸರು. ಹಳೇ ಲೆಕ್ಕದಲ್ಲಿ 'ಐ', 'ಜೆ' ಎರಡೂ ಒಂದೇ. ಜೆಫರ್ಸನ್ 'ಐ' ಇರುವಲ್ಲಿ ಅದರ ಹಿಂದೆ ಒಂದು 'ಟಿ' ಬರೆದರು, 'ಟಿ' ಇರುವಲ್ಲಿ ಅದರ ಮುಂದೆ ಒಂದು 'ಐ'. ಥಾಮಸ್ ಜೆಫರ್ಸನ್, ಮುಗಿಯಿತು. ನಮ್ಮ ಲೈಬ್ರರಿಗಳಲ್ಲಿ ಒಂದು ಗುಟ್ಟಿನ ಪುಟ ಅಂತ ಇಟ್ಟುಕೊಂಡು ಅಲ್ಲಿ ಮೊಹರು ಒತ್ತುತ್ತಾರಲ್ಲ, ಹಾಗೆ.

ಬ್ರಿಟಿಷರು 1814ರಲ್ಲಿ ಸಂಸತ್ತಿಗೆ ಬೆಂಕಿ ಇಟ್ಟಾಗ ಅಲ್ಲಿನ ಪುಸ್ತಕಗಳು ಸುಟ್ಟುಹೋದವು. ಮರುವರ್ಷ ಜೆಫರ್ಸನ್ ತಮ್ಮ 6,487 ಪುಸ್ತಕ ಕೊಟ್ಟರು. ಸುಮ್ನೆ ಅಲ್ಲ, 23,950 ಡಾಲರಿಗೆ. ಅವರಿಗೂ ಸಾಲ ಇತ್ತು. 1851ರ ಇನ್ನೊಂದು ಬೆಂಕಿಯಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಈಚಿನ ವರ್ಷಗಳಲ್ಲಿ ಅದೇ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಸುಟ್ಟುಹೋದ ಪುಸ್ತಕಗಳ ಅದೇ ಮುದ್ರಣದ ಹಳೇ ಪ್ರತಿಗಳನ್ನು ಹುಡುಕಿ ಹುಡುಕಿ ಆ ಕಪಾಟು ಬಹುಮಟ್ಟಿಗೆ ತುಂಬಿಸಿದ್ದಾರೆ. ಅಷ್ಟು ದೊಡ್ಡ ಸಂಸ್ಥೆಯೂ ಹಳೇ ಪುಸ್ತಕ ಹುಡುಕುವ ಗಿರಾಕಿಯೇ.

ನಾನು ಸೇರಿಸಿದ್ದು ಹೆಚ್ಚೇನಿಲ್ಲ, 61 ಪುಸ್ತಕ. ಅದರಲ್ಲಿ ನಿಜವಾದ ಸಹಿ ನಾಲ್ಕು. ವಿಮಾನದಲ್ಲಿ ತಲೆಗೆ ಎರಡು ಪೆಟ್ಟಿಗೆ, ಪೆಟ್ಟಿಗೆಗೆ 23 ಕೆಜಿ. ಪುಸ್ತಕಕ್ಕೆ ಜಾಗ ಎಷ್ಟು ಅನ್ನುವುದನ್ನು ನನ್ನ ಹೆಂಡತಿ ತೀರ್ಮಾನ ಮಾಡುತ್ತಾಳೆ.

ಕೊನೆಯದಾಗಿ ಆ ಓದುಗರಲ್ಲಿ ಒಂದು ಕೇಳಿಕೆ. ಪುಸ್ತಕದ ರಕ್ಷಾಪುಟದ ಒಳಮಡಿಕೆಯಲ್ಲಿ ಬೆಲೆ ಅಚ್ಚಾಗಿದೆಯಾ ನೋಡಿ. ಇಲ್ಲದೆ, ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಒಂದು ಸಣ್ಣ ತಗ್ಗು ಇದ್ದರೆ ಅದು ಬುಕ್ ಕ್ಲಬ್ಬಿನವರು ಸದಸ್ಯರಿಗೆ ಅಂತ ಅಚ್ಚು ಹಾಕಿಸಿದ ಪ್ರತಿ, ಮೊದಲ ಮುದ್ರಣ ಅಲ್ಲ. ಆಮೇಲೆ ಸಹಿಯ ಪುಟದ ಮೇಲೆ ಅಳತೆಪಟ್ಟಿ ಇಟ್ಟು ಒಂದು ಫೋಟೋ ತೆಗೆದು ನಿಮ್ಮ ಪತ್ರಿಕೆಯ ಮೂಲಕ ಕಳಿಸಲಿ. ಆಗಸ್ಟ್ ಕೊನೆಯವರೆಗೆ ನಾನು ಇಲ್ಲೇ ಇರುತ್ತೇನೆ. ಮಾದರಿಗಳ ಪುಸ್ತಕ ಮೇಜಿನ ಮೇಲೇ ಇದೆ. ಕಿಟಕಿಗೆ ಬೆಳಗ್ಗೆ ಒಳ್ಳೆ ಬಿಸಿಲು ಬೀಳುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಬ್ ಪೋಸ್ಟ್‌ಮಾಸ್ಟರ್, ತಿಪಟೂರು
(ಸದ್ಯಕ್ಕೆ ಬ್ಲೂಮಿಂಗ್ಟನ್, ಇಲಿನಾಯ್)