ಬಸುರಿಯರಿಗೆ ಕನ್ನಡದಲ್ಲಿ ಹೇಳಿ

ಮಾನ್ಯ ಸಂಪಾದಕರೇ,

ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಬಂದಿರುವ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಬಸುರಿಯರಿಗೆ ಊಟದ ಬಗ್ಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ಸಿಗುವುದಿಲ್ಲ. ಮೊನ್ನೆ ಪಕ್ಕದ ಸೈಟಿನ ಶೆಡ್‌ನಲ್ಲಿ ಏಳು ತಿಂಗಳ ಬಸುರಿಯೊಬ್ಬಳು ಬರೀ ಖಾರದ ಪುಡಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಬಸುರಿಯ ತಪಾಸಣೆ ವಿವರ ಬರೆದಿಡುವ ಅವಳ ‘ತಾಯಿ ಕಾರ್ಡ್’ ಪೂರ್ತಿ ಮರಾಠಿಯಲ್ಲಿತ್ತು. 1993ರಲ್ಲಿ ಶುರುವಾದ ಪುಣೆ ತಾಯಂದಿರ ಪೌಷ್ಟಿಕತೆ ಅಧ್ಯಯನ ಇಲ್ಲೇ ಹತ್ತಿರದ 6 ಹಳ್ಳಿಗಳಲ್ಲಿ ನಡೆದದ್ದು. ಸೊಪ್ಪು, ಹಣ್ಣು, ಹಾಲು ಜಾಸ್ತಿ ಸಲ ತಿಂದ ತಾಯಂದಿರ ಮಕ್ಕಳು ಹುಟ್ಟುವಾಗ ಹೆಚ್ಚು ತೂಕ ಇದ್ದವು ಎಂದು ಅದರಲ್ಲಿ ಕಂಡುಬಂತು. ದುಬಾರಿ ಔಷಧಿ ಏನಲ್ಲ, ಮೆಂತ್ಯೆ ಸೊಪ್ಪು ಅಲ್ವಾ! ತಪಾಸಣೆಯ ದಿನ ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳನ್ನು ದವಾಖಾನೆಯಲ್ಲಿ ಕೂರಿಸಲು ಪಾಲಿಕೆ ಮತ್ತು ಇಲ್ಲಿನ ಕನ್ನಡ ಸಂಘಗಳು ಮುಂದಾಗಲಿ.

– ಓದುಗರು, ಪುಣೆ